ಇಪ್ಪತ್ತು ಅಡಿಯ ಗುಂಡಿ

ಹರಿಗೋಲು ನಿಂತ ಕಡೆ ನಿಲ್ಲುತ್ತಿರಲಿಲ್ಲ. ಮಾರಯ್ಯ ಗಳ ಊರಿ ಹಿಡಿದಷ್ಟೂ ಅದು ಮೆಲ್ಲಗೆ ಗಿರಕಿ ಹೊಡೆಯುತ್ತ ಕೆರೆಯ ನಡುವಿಗೆ ಜಾರುತ್ತಿತ್ತು. ವನಜಾಕ್ಷಿ ತೊಡೆಯ ಮೇಲಿನ ಲ್ಯಾಪ್‌ಟಾಪಿಗೆ ಬಿಸಿಲು ಬೀಳದಂತೆ ಸೆರಗನ್ನು ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಪರದೆ ನೋಡಿದಳು. ನೋಡಿ ಮುಚ್ಚಿದಳು. ಮತ್ತೆ ತೆರೆದಳು. ಚಿತ್ರ ಬದಲಾಗಿರಲಿಲ್ಲ.

"ಸರಿ ಬಂತಾ ಮೇಷ್ಟ್ರಮ್ಮ?" ಎಂದ ಮಾರಯ್ಯ.

"ಇಲ್ಲ."

"ಇವತ್ತೂ ಇಲ್ವಾ?"

ಅವಳು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿದ್ದ, ಸೋರೆಕಾಯಿ ಗಾತ್ರದ ಕಪ್ಪು ಉಪಕರಣವನ್ನು ಮೇಲಕ್ಕೆಳೆದು, ಒದ್ದೆ ಹಗ್ಗದ ಸಮೇತ ಹರಿಗೋಲಿನೊಳಕ್ಕೆ ಎಸೆದಳು. ಅಷ್ಟು ಜೋರಾಗಿ ಎಸೆಯಬಾರದಿತ್ತು. ಕರಾವಳಿಯ ಸಂಶೋಧನಾ ಸಂಸ್ಥೆಯಿಂದ ಎರವಲು ತಂದ ವಸ್ತು. ಮಾರಯ್ಯ ಬೇರೆ ಕಡೆ ನೋಡಿದ.

ಇದು ಐದನೆಯ ಭಾನುವಾರ.

ವನಜಾಕ್ಷಿ ತಿಪಟೂರಿನ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು. ವಯಸ್ಸು ನಲವತ್ತೆರಡು. ಗಂಡ ಶಿವಣ್ಣನ ತೋಟ, ಮನೆ ಎಲ್ಲ ನೊಣವಿನಕೆರೆಯಿಂದ ನಾಲ್ಕು ಮೈಲಿ ಒಳಗಿರುವ ಈ ಸಂಕದಹಳ್ಳಿಯಲ್ಲೇ. ಒಂಬತ್ತು ವರ್ಷಗಳಿಂದ ಅವಳು ಪಿಎಚ್‌ಡಿ ಮಾಡುತ್ತಿದ್ದಳು. ಯಾವುದರ ಮೇಲೆ ಎಂದು ಕೇಳಿದವರಿಗೆಲ್ಲ ಮೊದಮೊದಲು ಉತ್ಸಾಹದಿಂದ ವಿವರಿಸುತ್ತಿದ್ದಳು. ನೀರಿನೊಳಗೆ ಬೆಳಕು ಹೆಚ್ಚು ದೂರ ಹೋಗುವುದಿಲ್ಲ, ಶಬ್ದ ಹೋಗುತ್ತದೆ. ಹಡಗಿನಿಂದ ಒಂದು ಟಿಕ್ ಎನ್ನುವ ಸದ್ದನ್ನು ಕೆಳಕ್ಕೆ ಕಳಿಸಿದರೆ ಸಮುದ್ರದ ತಳಕ್ಕೆ ಬಡಿದು ವಾಪಸ್ಸು ಬರುತ್ತದೆ. ಬರಲು ಹಿಡಿದ ಹೊತ್ತಿನಿಂದ ಆಳ ತಿಳಿಯುತ್ತದೆ. ಒಂದಿಷ್ಟು ಸದ್ದು ಕೆಸರಿನೊಳಕ್ಕೂ ಇಳಿದು ಅಡಿಯ ಪದರಗಳ ಸುದ್ದಿ ತರುತ್ತದೆ. ಅಂಥ ಸಾವಿರಾರು ಪ್ರತಿಧ್ವನಿಗಳನ್ನು ಕೂಡಿಸಿ, ಕಣ್ಣಿಗೆ ಕಾಣದ ತಳದ ಚಿತ್ರ ತೆಗೆಯುವ ಲೆಕ್ಕ ಅವಳದು. ಈಚೀಚೆಗೆ ಯಾರಾದರೂ ಕೇಳಿದರೆ "ಸಮುದ್ರದ ಮೇಲೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು.

ಸಮುದ್ರಕ್ಕೆ ಅವಳು ಹೋಗಿದ್ದು ಒಂದೇ ಸಲ. ಆರು ವರ್ಷದ ಹಿಂದೆ ಸಂಶೋಧನಾ ಹಡಗಿನಲ್ಲಿ ಮೂರು ದಿನ. ಮೂರು ದಿನವೂ ಕಂಬಿ ಹಿಡಿದು ವಾಂತಿ ಮಾಡಿಕೊಂಡಿದ್ದಳು. ಆದರೂ ಆ ಮೂರು ದಿನದ ದಾಖಲೆ ಅವಳ ಕೈಹಿಡಿದಿತ್ತು. ಒಂದು ನದಿ ಸಮುದ್ರ ಸೇರುವ ಕಡೆ, ಕೆಸರಿನ ಅಡಿಯಲ್ಲಿ, ಯಾವುದೋ ಕಾಲದಲ್ಲಿ ಹೂತುಹೋದ ಹಳೆಯ ಕಣಿವೆಯೊಂದು ಅವಳ ಲೆಕ್ಕದಿಂದ ಮೂಡಿಬಂತು. ಅದರ ಮೇಲೆ ಪ್ರಬಂಧ ಅಚ್ಚಾಯಿತು. ಕರಾವಳಿಯ ಸಂಸ್ಥೆಯಲ್ಲಿದ್ದ ಅವಳ ಮಾರ್ಗದರ್ಶಕ, ಪ್ರೊಫೆಸರ್ ಮೋಹನ್ ಕುಮಾರ್, ಆ ಕಣಿವೆಯ ಚಿತ್ರವನ್ನು ಹೋದ ಹೋದ ಸಭೆಗಳಲ್ಲೆಲ್ಲ ತೋರಿಸಿದರು.

ಆಮೇಲಿನದೆಲ್ಲ ಕಾಯುವುದೇ ಆಯಿತು. ಪರೀಕ್ಷಕರೊಬ್ಬರು, ತಳ ಹೇಗಿದೆ ಎಂದು ಮೊದಲೇ ಗೊತ್ತಿರುವ ಜಾಗದಲ್ಲಿ ನಿಮ್ಮ ಲೆಕ್ಕ ಸರಿಬರುತ್ತದೆಯೇ ತೋರಿಸಿ ಎಂದು ಬರೆದರು. ಹಡಗಿಗೆ ಅರ್ಜಿ ಹಾಕಿದಳು. ಒಂದು ಸಲ ಚಂಡಮಾರುತವೆಂದು ಪ್ರಯಾಣ ರದ್ದಾಯಿತು, ಇನ್ನೊಂದು ಸಲ ಎಂಜಿನ್ ಕೆಟ್ಟಿತು, ಮೂರನೆಯ ಸಲ ಕಾಲೇಜಿನವರು ಪರೀಕ್ಷೆ ಕೆಲಸವೆಂದು ರಜೆ ಕೊಡಲಿಲ್ಲ. ಈಗ ವಿಶ್ವವಿದ್ಯಾಲಯದವರು ಡಿಸೆಂಬರ್ ಮೂವತ್ತೊಂದೇ ಕೊನೆಯ ಗಡುವು, ಇನ್ನು ಒಂದು ದಿನವೂ ಮುಂದೂಡುವುದಿಲ್ಲ ಎಂದು ಪತ್ರ ಹಾಕಿದ್ದರು.

ಆಗ ಅವಳಿಗೆ ನೆನಪಾದದ್ದು ಊರ ಕೆರೆ. ಎರಡು ವರ್ಷದ ಹಿಂದೆ ಅದು ಪೂರಾ ಬತ್ತಿದಾಗ ಹೂಳು ತೆಗೆಸಿ, ನೀರಾವರಿ ಕಚೇರಿಯವರು ಮಟ್ಟ ಹಿಡಿದು ತಳದ ನಕ್ಷೆ ಮಾಡಿದ್ದರು. ಈ ಸಲ ಹೇಮಾವತಿ ನಾಲೆಯ ನೀರು ಬಿಟ್ಟು ಕೆರೆ ಕೋಡಿಯ ಮಟ್ಟಕ್ಕೆ ತುಂಬಿತ್ತು. ತಳ ಗೊತ್ತಿರುವ ನೀರು ಮನೆ ಬಾಗಿಲಲ್ಲೇ ಇತ್ತು.

ಆದರೆ ಲೆಕ್ಕ ಸರಿಬರುತ್ತಿರಲಿಲ್ಲ. ಕೆರೆಯ ಹಿನ್ನೀರಿನ ಕಡೆಯ ಅರ್ಧ ನಕ್ಷೆಗೆ ಹೊಂದಿಕೊಂಡು ಬಂತು, ಅರ್ಧ ಅಡಿಯೂ ತಪ್ಪಲಿಲ್ಲ. ಏರಿಯ ಕಡೆಯ ಅರ್ಧ ಮಾತ್ರ ಯಾರೋ ಮಸಿ ಚೆಲ್ಲಿದಂತೆ ಕದಡಿಹೋಗುತ್ತಿತ್ತು. ಒಂದು ಭಾನುವಾರ ತಂತಿ ಬದಲಿಸಿದಳು. ಮತ್ತೊಂದು ಭಾನುವಾರ ಬ್ಯಾಟರಿ. ನೀರಿನ ಬಿಸಿ ಅಳೆದು ಶಬ್ದದ ವೇಗ ತಿದ್ದಿದಳು. ವಾರವೆಲ್ಲ ಪಾಠ, ಉತ್ತರಪತ್ರಿಕೆ, ಅಡುಗೆ. ಸಿಕ್ಕ ಸಂದುಗಳಲ್ಲಿ ಸಮೀಕರಣ. ಮತ್ತೆ ಭಾನುವಾರ, ಮತ್ತೆ ಅದೇ ಮಸಿ.

"ಬುಡಿ ಮೇಷ್ಟ್ರಮ್ಮ, ಬಿಸ್ಲು ಏರ್ತು," ಎಂದು ಮಾರಯ್ಯ ಹರಿಗೋಲನ್ನು ದಡದ ಕಡೆ ತಿರುಗಿಸಿದ. ಅವನು ಈ ಕೆರೆಯ ನೀರಗಂಟಿ. ತೂಬು ಎತ್ತಿ ಇಳಿಸಿ ಗದ್ದೆ ತೋಟಗಳಿಗೆ ನೀರು ಹಂಚುವ ಕೆಲಸ ಅವನಿಗೆ ಅವನ ಅಪ್ಪನಿಂದ ಬಂದದ್ದು. "ಮುಂದಿನ್ ವಾರ ನೋಡುಮ."

ಮುಂದಿನ ವಾರದವರೆಗೆ ಕಾಯಬೇಕಾಗಲಿಲ್ಲ. ಮಂಗಳವಾರ ಬೆಳಗ್ಗೆ ಎರಡನೇ ಪಿರಿಯಡ್ ನಡೆಯುವಾಗಲೇ ಶಿವಣ್ಣನ ಫೋನು ಬಂತು.

"ವನಜಾ, ಏರಿ ಹಿಂದ್ಗಡೆ ನೀರು ಒಸರ್ತಾ ಐತಂತೆ ಕಣೇ. ಚಿಕ್ಕಗೌರಮ್ಮನ ತೋಟದಾಗೆ. ಎಂಜಿನಿಯರ್ ಬಂದವ್ರೆ. ನಿನ್ ಮಿಷಿನ್ ವಿಚಾರ ಯಾರೋ ಹೇಳವ್ರೆ, ಕರೀತಾವ್ರೆ ನಿನ್ನ."

ಅವಳು ಬಸ್ಸು ಹತ್ತಿ ಬರುವ ಹೊತ್ತಿಗೆ ಏರಿಯ ಮೇಲೆ ಊರೇ ನಿಂತಿತ್ತು. ಏರಿಯ ಕೆಳಗಿನ ತೋಟದಲ್ಲಿ ಹತ್ತು ಹನ್ನೆರಡು ತೆಂಗಿನ ಬುಡ ನೀರಿನಲ್ಲಿ ನಿಂತಿದ್ದವು. ತೋಟದ ಒಡತಿ ಚಿಕ್ಕಗೌರಮ್ಮ, ಅರವತ್ತು ದಾಟಿದ ಗಟ್ಟಿ ಹೆಂಗಸು, ಸೀರೆ ಎತ್ತಿ ಕಟ್ಟಿಕೊಂಡು ಆ ಕೆಸರಿನಲ್ಲೇ ನಿಂತು ಎಲ್ಲರನ್ನೂ ಬೈಯುತ್ತಿದ್ದಳು. ಮಾರಯ್ಯ ಕುಕ್ಕರಗಾಲಲ್ಲಿ ಕೂತು ಒಸರುವ ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದ.

"ತಿಳಿ ನೀರು ಒಸರಿದ್ರೆ ಭಯ ಇಲ್ಲ. ಇದು ಕೆಂಪಗೈತೆ. ಏರಿ ಮಣ್ಣು ತಿನ್ಕೊಂಡು ಬತ್ತಾ ಐತೆ."

ನೀರಾವರಿ ಕಚೇರಿಯ ಎಂಜಿನಿಯರ್ ರವಿಕಿರಣ್ ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. "ಒಳಗಡೆ ಎಲ್ಲೋ ತೂತು ಬಿದ್ದಿದೆ ಮೇಡಂ. ಎಲ್ಲಿ ಅಂತ ಗೊತ್ತಾದ್ರೆ ಅಲ್ಲೇ ಮುಚ್ಚಬಹುದು. ಗೊತ್ತಾಗ್ಲಿಲ್ಲ ಅಂದ್ರೆ ಗುರುವಾರ ಸಂಜೆ ಐದಕ್ಕೆ ಕೋಡಿ ಒಡೆದು ಕೆರೆ ಖಾಲಿ ಮಾಡಿಸ್ತೀನಿ. ಏರಿ ಕಿತ್ತುಹೋದ್ರೆ ಕೆಳಗಿರೋ ಮನೆಗಳು ಉಳಿಯಲ್ಲ."

"ಖಾಲಿ ಮಾಡುಸ್ತೀಯಾ?" ಚಿಕ್ಕಗೌರಮ್ಮ ಕೆಳಗಿನಿಂದಲೇ ಕೂಗಿದಳು. "ಎಷ್ಟ್ ವರ್ಷಕ್ಕೆ ಬಂದಿರೋ ನೀರು ಕಣಪ್ಪಾ ಇದು! ಬೋರ್‌ವೆಲ್ ಎಲ್ಲ ಈಗ ತಾನೇ ಉಸ್ರಾಡ್ತಾ ಅವೆ."

ಎಲ್ಲರ ಕಣ್ಣು ವನಜಾಕ್ಷಿಯ ಕಡೆ ತಿರುಗಿತು. ನನ್ನ ಚಿತ್ರ ಈ ಅರ್ಧದಲ್ಲಿ ಸರಿಯಾಗಿ ಬರುತ್ತಿಲ್ಲ ಎಂದು ಹೇಳಬೇಕೆಂದುಕೊಂಡಳು. ಬಾಯಿ ತೆರೆದಳು ಕೂಡ. ಆದರೆ ಐದು ಭಾನುವಾರಗಳ ಆ ಮಸಿಗೆ ಬೇರೆಯೇ ಒಂದು ಅರ್ಥವಿರಬಹುದೆಂದು ಆ ಕ್ಷಣಕ್ಕೆ ಹೊಳೆಯಿತು. ತಪ್ಪು ತನ್ನ ಲೆಕ್ಕದ್ದಲ್ಲದೆ ಕೆರೆಯದ್ದೇ ಆಗಿದ್ದರೆ? ಕಚೇರಿಯ ನಕ್ಷೆ ಮಾಡಿದ ಮೇಲೆ ತಳವೇ ಬದಲಾಗಿದ್ದರೆ?

ಹರಿಗೋಲು ಹತ್ತಿ ಏರಿಯ ಉದ್ದಕ್ಕೂ ಮತ್ತೆ ಅಳೆದಳು. ಈ ಸಲ ಕದಡಿದ ಚಿತ್ರದಲ್ಲಿ ನಕ್ಷೆಗೂ ತನ್ನ ಲೆಕ್ಕಕ್ಕೂ ಅತಿ ಹೆಚ್ಚು ವ್ಯತ್ಯಾಸವಿದ್ದ ಕಡೆ ಹುಡುಕಿದಳು. ಹಳೆಯ ತೂಬಿನಿಂದ ಐವತ್ತು ಹೆಜ್ಜೆ ಆಚೆ ಒಂದು ಜಾಗ ಎದ್ದು ಕಾಣಿಸಿತು. ನಕ್ಷೆಯಲ್ಲಿ ಅಲ್ಲಿ ಹತ್ತು ಅಡಿ ನೀರು. ಅವಳ ಚಿತ್ರದಲ್ಲಿ ಇಪ್ಪತ್ತು. ಹತ್ತು ಅಡಿಯಷ್ಟು ಮಣ್ಣು ಎದ್ದುಹೋಗಿದೆ ಎಂದಾಯಿತು. ಮಾರಯ್ಯ ಗಳ ಇಳಿಸಿ ನೋಡಿದ. ಹನ್ನೆರಡಡಿ ಗಳ ಪೂರಾ ಮುಳುಗಿತು, ತುದಿಗೆ ಮೆತ್ತನೆಯ ಕೆಸರು ಬಿಟ್ಟರೆ ಗಟ್ಟಿ ನೆಲ ಸಿಗಲಿಲ್ಲ.

"ಇಲ್ಲೇ," ಎಂದಳು ವನಜಾಕ್ಷಿ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು. "ಇಪ್ಪತ್ತು ಅಡಿಯ ಗುಂಡಿ ಇದೆ. ತೂತು ಇದರ ಒಳಗಿರಬೇಕು."

ಬುಧವಾರ ಬೆಳಗ್ಗೆಯಿಂದ ಊರಿನವರು ಜೇಡಿಮಣ್ಣು ತುಂಬಿದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ತಂದು, ಹರಿಗೋಲಿನಲ್ಲಿ ಸಾಗಿಸಿ, ಅವಳು ಕೈ ತೋರಿಸಿದ ಕಡೆ ಹಾಕಿದರು. ಇಪ್ಪತ್ತು ಚೀಲ, ಐವತ್ತು, ನೂರು. ಶಿವಣ್ಣ ಅಂಗಿ ಬಿಚ್ಚಿ ತಾನೂ ಚೀಲ ಹೊತ್ತ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಮೂವತ್ತು ಹಾಕಿದರು. ವನಜಾಕ್ಷಿ ಏರಿ ಇಳಿದು ತೋಟಕ್ಕೆ ಹೋಗಿ ನೋಡಿ ಬರುತ್ತಿದ್ದಳು. ನಾಲ್ಕು ಗಂಟೆಗೆ ಇನ್ನೆರಡು ತೆಂಗಿನ ಬುಡಗಳು ಮುಳುಗಿದ್ದವು. ನೀರು ಇನ್ನೂ ಕೆಂಪಾಗಿತ್ತು.

ಚಿಕ್ಕಗೌರಮ್ಮ ಅವಳ ಪಕ್ಕ ಬಂದು ನಿಂತಳು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಅಲ್ಲಾ ಕಣವ್ವ, ಗೊತ್ತಿಲ್ಲ ಅಂದಿದ್ರೆ ಗೊತ್ತಿಲ್ಲ ಅಂತ ಅಂದ್ಕೊಂತಿದ್ವಿ. ಹಿಂಗೆ ಒಂದಿನ ಪೂರ್ತಿ ಹಾಳು ಮಾಡುಸ್ಬುಟ್ಯಲ್ಲ."

ವನಜಾಕ್ಷಿಗೆ ಕಿವಿ ಬಿಸಿಯಾಯಿತು. ಏರಿ ಹತ್ತಿ ಹೋದಳು. ಚೀಲ ಹೊತ್ತವರು ಬೀಡಿ ಹಚ್ಚಿಕೊಂಡು ಕೂತಿದ್ದರು. ಅವಳು ಬರುತ್ತಲೇ ಮಾತು ನಿಲ್ಲಿಸಿದರು. ರವಿಕಿರಣ್ ಫೋನಿನಲ್ಲಿ ಕೋಡಿ ಒಡೆಯಲು ಜೆಸಿಬಿ ಗೊತ್ತುಮಾಡುತ್ತಿದ್ದ.

ಗುರುವಾರ ಕಾಲೇಜಿಗೆ ರಜೆ ಹಾಕಿದಳು. ಪ್ರಿನ್ಸಿಪಾಲರು ಫೋನಿನಲ್ಲಿ "ಮತ್ತೆ ಕೆರೇನಾ?" ಎಂದರು. ಬೆಳಗ್ಗೆ ಏಳಕ್ಕೇ ಏರಿಯ ಮೇಲೆ ಹೋಗಿ ನಿಂತಳು. ಏನು ಮಾಡಬೇಕೆಂದು ತಿಳಿದು ಹೋದದ್ದಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಚೀಲ ಹಾಕಿದ ಜಾಗದಲ್ಲಿ ನೀರಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದವು. ಕೊಳೆತ ವಾಸನೆ ದಡದವರೆಗೂ ಬರುತ್ತಿತ್ತು.

"ಮಾರಯ್ಯ, ಇದೇನು ಗುಳ್ಳೆ?"

"ಅದಾ? ನಿನ್ನೆ ಚೀಲ ಹಾಕಿದ್ವಲ್ಲ, ಕೆಳಗಿರೋ ಕೊಳೆ ಗಾಳಿ ಹೊರಡ್ತೈತೆ." ಮಾರಯ್ಯ ಮೂಗು ಮುಚ್ಚಿಕೊಂಡ. "ಕೆರೆ ಒಣಗಿದ್ದಾಗ ಕಾಯಿ ಸುಲಿದ ಮಟ್ಟೆ ಎಲ್ಲಾ ತಂದು ಇಲ್ಲಿಗೇ ಸುರಿದಿದ್ರಲ್ಲ. ಹೂಳು ತೆಗೆದ ಮ್ಯಾಕೂ ಸುರಿದ್ರು. ನಾನು ಬ್ಯಾಡ ಕಣ್ರಪ್ಪಾ ಅಂದೆ. ಯಾರ್ ಕೇಳ್ತಾರೆ? ಏರಿ ಉದ್ದಕ್ಕೂ ಅದೇಯ. ಈಗ ಎಲ್ಲಾ ಕೊಳ್ತು ಗೊಜ್ಜಾಗೈತೆ. ಗಳ ಊರಿದ್ರೆ ಹಿಂಗೇ ಬುಳುಬುಳು ಅಂತೈತೆ."

"ಗಳ ಊರಿದಾಗೆಲ್ಲ?"

"ಹ್ಞೂಂ. ನೀವು ಕಂಪೂಟ್ರು ನೋಡ್ತಿದ್ರಿ."

ಅವಳು ಏರಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಕೆಸರಿನಲ್ಲಿ ಗಾಳಿ. ಅವಳ ಲೆಕ್ಕದ ಕೆಸರು ಶಬ್ದವನ್ನು ಹತ್ತಿಯ ಹಾಗೆ ಹೀರಿಕೊಳ್ಳುವ ಕೆಸರು. ಹಾಗೆಂದು ಮೊದಲ ಅಧ್ಯಾಯದ ಮೂರನೇ ಪುಟದಲ್ಲೇ ಊಹಿಸಿಕೊಂಡು ಮುಂದೆ ನಡೆದಿದ್ದಳು. ಗಾಳಿಯ ಗುಳ್ಳೆ ತುಂಬಿದ ಕೆಸರು ಹೀರುವುದಿಲ್ಲ, ಕನ್ನಡಿಯಂತೆ ತಿರುಗಿ ಹೊಡೆಯುತ್ತದೆ. ಕೆಳಗೆ ಕನ್ನಡಿ, ಮೇಲೆ ನೀರಿನ ಮೈಯೂ ಕನ್ನಡಿಯೇ. ನಡುವೆ ಸಿಕ್ಕ ಸದ್ದು ಕೆಳಗೆ ಬಡಿದು, ಮೇಲೆ ಬಡಿದು, ಮತ್ತೆ ಕೆಳಗೆ ಬಡಿದು ಬಂದರೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಎರಡು ಪಟ್ಟು ಹೊತ್ತೆಂದರೆ ಎರಡು ಪಟ್ಟು ಆಳ.

ಹತ್ತು. ಇಪ್ಪತ್ತು.

ಲ್ಯಾಪ್‌ಟಾಪ್ ತೆರೆದು, ಲೆಕ್ಕ ಹಾಕಿ ಬರೆದ ಚಿತ್ರವನ್ನು ಬದಿಗೆ ಸರಿಸಿ, ಉಪಕರಣ ಹಿಡಿದ ಮೂಲ ದಾಖಲೆಯನ್ನೇ ನೋಡಿದಳು. ಅಲ್ಲಿ ಎಲ್ಲ ಇತ್ತು. ಹತ್ತು ಅಡಿಯಲ್ಲಿ ಕಿವಿ ಒಡೆಯುವಂಥ ಒಂದು ಸದ್ದು, ಇಪ್ಪತ್ತರಲ್ಲಿ ಅದರ ಅರ್ಧದ್ದು, ಮೂವತ್ತರಲ್ಲಿ ಇನ್ನೂ ಸಣ್ಣದು. ಅಳತೆಪಟ್ಟಿಯ ಗೆರೆಗಳಂತೆ ಸಮಸಮ. ಹಾಗಾದರೆ ತನ್ನ ಪ್ರೋಗ್ರಾಮು ಹತ್ತನ್ನು ಬಿಟ್ಟು ಇಪ್ಪತ್ತನ್ನು ತಳವೆಂದು ಏಕೆ ಹಿಡಿಯಿತು? ಹುಡುಕಿದಳು. ಆರು ವರ್ಷದ ಹಿಂದೆ, ಹಡಗಿನಿಂದ ಬಂದ ಹೊಸದರಲ್ಲಿ, ಅವಳೇ ಬರೆದ ಒಂದು ಸಾಲು ಸಿಕ್ಕಿತು. ಮಿತಿ ಮೀರಿ ಜೋರಾದ ಸದ್ದು ಬಂದರೆ ಅದು ಮೀನಿನ ಹಿಂಡು, ಬಿಟ್ಟುಬಿಡು ಎಂಬ ಸಾಲು.

ನಿಜವಾದ ತಳವನ್ನೇ ಆ ಸಾಲು ಪ್ರತಿಸಲವೂ ಎತ್ತಿ ಬಿಸಾಡಿತ್ತು. ನೂರಮೂವತ್ತು ಚೀಲ ಮಣ್ಣು ಬಿದ್ದದ್ದು ಇಲ್ಲದ ಗುಂಡಿಗೆ.

ತಲೆ ಚಚ್ಚಿಕೊಳ್ಳುವಂತಾಯಿತು. ಅಷ್ಟರಲ್ಲಿ ಅದಕ್ಕಿಂತ ಕೆಟ್ಟದ್ದೊಂದು ನೆನಪಿಗೆ ಬಂತು. ನದಿ ಸಮುದ್ರ ಸೇರುವ ಕಡೆಯೂ ಕೆಸರೇ. ಕಾಡಿನ ಎಲೆ ಕಡ್ಡಿ ಕೊಳೆತ, ಗಾಳಿ ತುಂಬಿದ ಕೆಸರು. ಆ ಕಣಿವೆ? ಅಲ್ಲಿ ನೀರು ಹದಿನೆಂಟು ಮೀಟರ್ ಎಂದು ನೆನಪು. ಕಣಿವೆಯ ತಳ? ಅದನ್ನು ಈಗ ತೆಗೆದು ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಸಂಜೆ ಐದಕ್ಕೆ ಜೆಸಿಬಿ ಬರುವುದಿತ್ತು.

"ಮಾರಯ್ಯ, ಹರಿಗೋಲು ತನ್ನಿ."

"ಮತ್ತೆ ಅಳೀತೀರಾ?" ಅವನ ದನಿಯಲ್ಲಿ ನಂಬಿಕೆ ಉಳಿದಿರಲಿಲ್ಲ.

"ಅಳೆಯಲ್ಲ. ಸದ್ದು ಕಳಿಸಲ್ಲ. ಬರೀ ಕೇಳ್ತೀನಿ. ತೂತಿನೊಳಕ್ಕೆ ನೀರು ನುಗ್ಗುವಾಗ ಸದ್ದು ಆಗಲೇಬೇಕಲ್ಲ? ಅದು ನೀರಿನಲ್ಲೇ ಹರಿದು ಬರುತ್ತೆ. ಕೆಸರು ಏನಾದ್ರೂ ಆಗಿರಲಿ."

ಟಿಕ್ ಎನ್ನುವ ಭಾಗವನ್ನು ಆರಿಸಿ, ಉಪಕರಣವನ್ನು ನೀರಿಗಿಳಿಸಿ, ಇಯರ್‌ಫೋನ್ ಕಿವಿಗಿಟ್ಟುಕೊಂಡಳು. ಕಿವಿ ತುಂಬ ಗುಂಯ್ ಎನ್ನುವ ಒಂದೇ ಸದ್ದು. ಸುತ್ತಲಿನ ತೋಟಗಳ ಬೋರ್‌ವೆಲ್ ಮೋಟಾರುಗಳು. ಅವುಗಳ ಅದುರುವಿಕೆ ನೆಲದಿಂದ ಏರಿಗೆ, ಏರಿಯಿಂದ ನೀರಿಗೆ ಬರುತ್ತಿತ್ತು. ಇಪ್ಪತ್ತು ಮೋಟಾರಿರಬಹುದು. ಅದರ ಕೆಳಗೆ ಬೇರೆ ಏನಿದ್ದರೂ ಕೇಳುವಂತಿರಲಿಲ್ಲ.

ಶಿವಣ್ಣನನ್ನು ಕರೆದು, ಅರ್ಧ ಗಂಟೆ ಎಲ್ಲರೂ ಮೋಟಾರ್ ನಿಲ್ಲಿಸಬೇಕು ಎಂದು ಹೇಳಿಸಿದಳು. ಅವನು ಸುತ್ತು ಹಾಕಿಕೊಂಡು ಬೆವರೊರೆಸುತ್ತ ಬಂದ.

"ಒಬ್ರೂ ಒಪ್ತಿಲ್ಲ ಕಣೇ. ತ್ರೀಫೇಸ್ ಕರೆಂಟ್ ಬರೋದೇ ಮೂರ್ ಗಂಟೆ ತನಕ, ಅದ್ರಾಗೂ ನಿಲ್ಸಿ ಅಂದ್ರೆ ಹೆಂಗೆ ಅಂತಾರೆ. ನಿನ್ನೇದ್ ಸಾಲ್ದಾ ಅಂತ ಒಬ್ಬ ಕೇಳ್ದ." ಆ ಕೊನೆಯ ಮಾತನ್ನು ಹೇಳಬಾರದಿತ್ತೆಂದು ಅವನಿಗೆ ಹೇಳಿದ ಮೇಲೆ ಅನ್ನಿಸಿತು.

"ಹಾಗಾದ್ರೆ ಮೂರು ಗಂಟೆಗೆ," ಎಂದಳು ವನಜಾಕ್ಷಿ. ಕೈಗಡಿಯಾರ ನೋಡಿದಳು. ಹನ್ನೊಂದೂವರೆ.

ಮೂರೂವರೆ ಗಂಟೆ ಕಾಲ ಅವಳು ಹೊಂಗೆ ಮರದಡಿ ಕೂತು ಕಾದಳು. ಶಿವಣ್ಣ ತಂದ ಮುದ್ದೆಯನ್ನು ಎರಡು ತುತ್ತು ತಿಂದು ಬಿಟ್ಟಳು. ಮೂರಕ್ಕೆ ಸರಿಯಾಗಿ ಕರೆಂಟು ಹೋಯಿತು; ಕೆರೆಯ ಸುತ್ತ ಮೋಟಾರುಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಹರಿಗೋಲಿನಲ್ಲಿ ಕಿವಿಗಿಟ್ಟುಕೊಂಡರೆ ಇನ್ನೂ ಒಂದು ಗುಂಯ್ ಉಳಿದಿತ್ತು. ಯಾರೋ ಡೀಸೆಲ್ ಪಂಪು ಓಡಿಸುತ್ತಿದ್ದರು. ಅವಳಿಗೆ ಅಳು ಬಂತು.

"ಯಾವನ್ಲಾ ಅವ್ನು ಡೀಸೆಲ್ ಇಟ್ಟಿರೋನು?" ಏರಿಯ ಕೆಳಗಿನಿಂದ ಚಿಕ್ಕಗೌರಮ್ಮನ ಗಂಟಲು ಕೇಳಿತು. ಅವಳು ಇಷ್ಟು ಹೊತ್ತೂ ನೋಡುತ್ತಲೇ ಇದ್ದಳೆಂದು ತೋರುತ್ತದೆ. "ನನ್ ತೋಟ ಕೊಚ್ಕೊಂಡ್ ಹೋದ್ರೆ ನಿನ್ ತೋಟಕ್ಕೇ ಬಂದು ಬೀಳೋದು! ಆರ್ಸು!" ಹಾಗೆ ಕೂಗುತ್ತಲೇ ಅವಳು ಬದುವಿನ ಮೇಲೆ ದಾಪುಗಾಲು ಹಾಕುತ್ತ ಹೋದಳು. ಸ್ವಲ್ಪ ಹೊತ್ತಿಗೆ ಪಂಪು ನಿಂತಿತು.

ಈಗ ಇಯರ್‌ಫೋನಿನಲ್ಲಿ ನೀರು ನೀರಾಗಿ ಕೇಳಿಸಿತು. ಹರಿಗೋಲಿನ ಅಂಚಿಗೆ ಬಡಿಯುವ ಚಳಕ್ ಚಳಕ್. ಎಲ್ಲೋ ಮೀನು ಮಗುಚಿದ್ದು. ಗುಳ್ಳೆಗಳ ಪುಟುಪುಟು. ಮಾರಯ್ಯ ಏರಿಗೆ ಅಂಟಿಕೊಂಡು ಹತ್ತತ್ತು ಅಡಿಗೆ ಹರಿಗೋಲು ನಿಲ್ಲಿಸುತ್ತ ಹೋದ. ಅವಳು ಪ್ರತಿ ಸಲ ಉಸಿರು ಬಿಗಿಹಿಡಿದು ಕೇಳಿ, ಸದ್ದಿನ ಮಟ್ಟ ಬರೆದುಕೊಂಡಳು. ಚೀಲ ಹಾಕಿದ ಜಾಗದಲ್ಲಿ ಏನೂ ಇಲ್ಲ. ಹಳೆಯ ತೂಬಿನ ಹತ್ತಿರ ಏನೂ ಇಲ್ಲ. ತೂಬು ದಾಟಿ ಮೂಡಣಕ್ಕೆ ಮೂವತ್ತು ಅಡಿ ಹೋದ ಮೇಲೆ, ಸೀಮೆಎಣ್ಣೆ ಸ್ಟವ್ ಉರಿಯುವಂಥ ಸಣ್ಣ ಸುಂಯ್. ನಲವತ್ತಕ್ಕೆ ಜೋರು. ಐವತ್ತಕ್ಕೆ ಇನ್ನೂ ಜೋರು. ಅರವತ್ತಕ್ಕೆ ಇಳಿಯಿತು.

"ಹಿಂದಕ್ಕೆ, ಹತ್ತಡಿ ಹಿಂದಕ್ಕೆ! ಇಲ್ಲೇ ನೋಡಿ." ಹೇಳಿದ ಮೇಲೆ ಮೊನ್ನೆಯೂ ಹೀಗೆಯೇ ಹೇಳಿದ್ದು ನೆನಪಾಗಿ, "ಇರಬಹುದು," ಎಂದು ಸೇರಿಸಿದಳು.

ಮಾರಯ್ಯ ಗಳವನ್ನು ಏರಿಯ ಕಲ್ಲುಕಟ್ಟಡದ ಮೈಗೆ ಸವರುತ್ತ ಇಳಿಸಿದ. ಏಳು ಅಡಿಯ ಹತ್ತಿರ ಗಳ ಅವನ ಕೈಯಿಂದ ಜಾರಿ ಮುಂದಕ್ಕೆ ವಾಲಿತು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಎಳೀತೈತೆ ಮೇಷ್ಟ್ರಮ್ಮ! ಕಲ್ಲು ಕಳಚ್ಕೊಂಡೈತೆ. ಗಳನೇ ನುಂಗ್ತಾ ಐತೆ!"

ರವಿಕಿರಣ್ ತಾನೇ ಹರಿಗೋಲು ಹತ್ತಿ ಬಂದು ಗಳ ಹಿಡಿದು ನೋಡಿದ. ಆಮೇಲೆ ಕೆಲಸ ಬೇಗ ನಡೆಯಿತು. ಮೊದಲು ರಾಗಿಹುಲ್ಲಿನ ಪಿಂಡಿಗಳನ್ನು ಬಿಟ್ಟರು. ತೂತು ಎರಡು ಪಿಂಡಿಗಳನ್ನು ಸರಸರನೆ ಒಳಗೆಳೆದುಕೊಂಡಿತು, ಮೂರನೆಯದು ಸಿಕ್ಕಿಕೊಂಡಿತು. ಅದರ ಮೇಲೆ ಜೇಡಿಮಣ್ಣಿನ ಚೀಲಗಳನ್ನು ಒತ್ತೊತ್ತಾಗಿ ಇಳಿಸಿದರು. ನಲವತ್ತು ಚೀಲ ಹಿಡಿಯಿತು. ಐದು ಗಂಟೆಗೆ ಜೆಸಿಬಿ ಬಂದು ಕೋಡಿಯ ಹತ್ತಿರ ನಿಂತಾಗ, ಚಿಕ್ಕಗೌರಮ್ಮನ ತೋಟದಲ್ಲಿ ಒಸರುವ ನೀರು ಬೆರಳು ಗಾತ್ರಕ್ಕೆ ಇಳಿದಿತ್ತು. ಬಣ್ಣ ಇನ್ನೂ ಪೂರಾ ತಿಳಿಯಾಗಿರಲಿಲ್ಲ.

ಊರಿನವರೆಲ್ಲ ರವಿಕಿರಣನನ್ನು ಸುತ್ತುವರಿದರು. ತೂತು ಮುಚ್ಚಿತಲ್ಲ, ಇನ್ನೇಕೆ ಕೋಡಿ ಒಡೆಯುವುದು ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಅವನು ವನಜಾಕ್ಷಿಯ ಕಡೆ ತಿರುಗಿದ.

"ಮೇಡಂ, ತೂತು ಇದೊಂದೇ ಅಂತ ನೀವು ಹೇಳ್ತೀರಾ? ನೀವು ಹೇಳಿದ್ರೆ ಜೆಸಿಬಿ ವಾಪಸ್ ಕಳಿಸ್ತೀನಿ."

ಎಲ್ಲರೂ ಅವಳ ಬಾಯನ್ನೇ ನೋಡಿದರು. ಶಿವಣ್ಣ ಹೌದೆನ್ನು ಎಂಬಂತೆ ತಲೆಯಾಡಿಸಿದ. ಅವಳಿಗೂ ಹೌದೆನ್ನುವ ಆಸೆ ಗಂಟಲವರೆಗೆ ಬಂದಿತ್ತು. ಕೇಳಿದ್ದು ಏರಿಯ ಅರ್ಧ ಉದ್ದವನ್ನು ಮಾತ್ರ. ಉಳಿದ ಅರ್ಧ ಕೇಳುವಷ್ಟರಲ್ಲಿ ಕೂಗಾಟ, ಚೀಲ, ಟ್ರ್ಯಾಕ್ಟರು. ತೀರಾ ಸಣ್ಣ ತೂತಿನ ಸದ್ದು ತನಗೆ ಕೇಳಿಸುತ್ತದೆಯೋ ಇಲ್ಲವೋ, ಅದೂ ಗೊತ್ತಿಲ್ಲ.

"ಇಲ್ಲ," ಎಂದಳು. "ಹೇಳೋಕಾಗಲ್ಲ. ನನಗೆ ಗೊತ್ತಿಲ್ಲ."

ರವಿಕಿರಣ್ ಕೋಡಿಯನ್ನು ಪೂರ್ತಿ ಒಡೆಸಲಿಲ್ಲ, ನಾಲ್ಕು ಅಡಿ ಮಾತ್ರ ಇಳಿಸಿದ. ಕೆರೆಯ ನೀರಲ್ಲಿ ಅರ್ಧದಷ್ಟು ಹಳ್ಳದ ಪಾಲಾಯಿತು. ಮೂರನೆಯ ದಿನ ಒಸರು ನೀರು ತಿಳಿಯಾಯಿತು, ವಾರದಲ್ಲಿ ನಿಂತೇ ಹೋಯಿತು. ಏರಿ ಉಳಿಯಿತು. ಆದರೆ ಊರಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ಬುಧವಾರವೇ ಸರಿಯಾದ ಜಾಗ ತೋರಿಸಿದ್ದರೆ ನೀರು ಉಳಿಯುತ್ತಿತ್ತು ಎಂದು ಕೆಲವರು, ಕೊನೆಯಲ್ಲಿ ಒಂದು ಹೌದು ಅಂದಿದ್ದರೆ ಆಗುತ್ತಿತ್ತು ಎಂದು ಉಳಿದವರು. ಬಸ್‌ಸ್ಟಾಪಿನಲ್ಲಿ ಅವಳನ್ನು ನೋಡಿದರೆ ಮೊದಲಿನಂತೆ ಮಾತಾಡಿಸುವವರು ಕಡಿಮೆಯಾದರು.

ಆ ಶನಿವಾರ ಅವಳು ಹಡಗಿನ ಮೂಲ ದಾಖಲೆ ತೆಗೆದು ನೋಡಿದಳು. ನೋಡಿ ಮುಗಿಸಿ ಮೋಹನ್ ಕುಮಾರರಿಗೆ ಫೋನ್ ಮಾಡಿದಳು. ಕೆರೆಯ ಕಥೆಯನ್ನು ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಕಣಿವೆಯ ಮಾತು ಬಂದ ಕೂಡಲೇ ಧ್ವನಿ ಬದಲಾಯಿತು.

"ನೋಡಿ ವನಜಾಕ್ಷಿ, ಒಂದು ಕೆರೆ ನೋಡಿಕೊಂಡು ಸಮುದ್ರದ ಮೇಲೆ ತೀರ್ಪು ಕೊಡಬೇಡಿ."

"ಸಮುದ್ರದ್ದೇ ನೋಡಿದೆ ಸರ್. ನೀರು ಹದಿನೆಂಟು ಮೀಟರ್. ಕಣಿವೆಯ ತಳ ಮೂವತ್ತಾರು."

"ಎಲ್ಲ ಕಡೆಯೂ?"

"ಹಡಗು ಹೋದ ಹನ್ನೊಂದು ಸಾಲುಗಳಲ್ಲಿ ಒಂಬತ್ತರಲ್ಲಿ."

"ಉಳಿದ ಎರಡು?"

"ಅಲ್ಲಿ ಏನೋ ಇದೆ. ಏನು ಅಂತ ಗೊತ್ತಿಲ್ಲ ಸರ್."

ಅವರು ನಿಟ್ಟುಸಿರಿಟ್ಟರು. "ಈಗ ಇದನ್ನೆಲ್ಲ ತೆರೆಯಲು ಸಮಯವಿಲ್ಲ. ನಿಮ್ಮ ಕೆರೆಯ ಒಂದು ಅರ್ಧ ನಕ್ಷೆಗೆ ಸರಿಯಾಗಿ ಹೊಂದಿದೆ ಅಂದಿರಲ್ಲ? ಅಷ್ಟನ್ನು ಹಾಕಿ. ಪರೀಕ್ಷಕರು ಕೇಳಿದ್ದೂ ಅಷ್ಟೇ. ಡಿಸೆಂಬರಿನಲ್ಲಿ ಸಲ್ಲಿಸಿ, ಪದವಿ ತೆಗೆದುಕೊಳ್ಳಿ. ಆಮೇಲೆ ನಿಧಾನವಾಗಿ ತಿದ್ದೋಣ."

"ಇನ್ನೊಂದು ಅರ್ಧ ನಂಬಿಕೊಂಡು ನೂರಮೂವತ್ತು ಚೀಲ ಮಣ್ಣು ಹೊತ್ತವರು ನಮ್ಮೂರಲ್ಲಿದ್ದಾರೆ ಸರ್."

"ಆ ಪ್ರಬಂಧದಲ್ಲಿ ನನ್ನ ಹೆಸರೂ ಇದೆ."

"ಹೌದು ಸರ್. ಅದಕ್ಕೇ ಮೊದಲು ನಿಮಗೆ ಫೋನ್ ಮಾಡಿದೆ."

ಅವರು ಫೋನ್ ಇಟ್ಟರು. ಹಜಾರದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಶಿವಣ್ಣ, "ಒಂಬತ್ತು ವರ್ಷ ಕಣೇ," ಎಂದ.

"ನನಗೆ ಗೊತ್ತಿಲ್ವೇನ್ರೀ?" ಎಂದು ಅವಳು ಸಿಡುಕಿದಳು. ಆಮೇಲೆ ಅಡುಗೆಮನೆಗೆ ಹೋಗಿ ಕಾರಣವಿಲ್ಲದೆ ಪಾತ್ರೆಗಳನ್ನು ಸದ್ದು ಮಾಡಿ ಜೋಡಿಸಿದಳು.

ಡಿಸೆಂಬರ್ ಮೂವತ್ತೊಂದು ಬಂತು, ಹೋಯಿತು. ಅವಳು ಸಲ್ಲಿಸಲಿಲ್ಲ. ಹೆಸರು ರದ್ದಾದ ಪತ್ರ ಜನವರಿಯಲ್ಲಿ ಬಂತು; ಮರುನೋಂದಣಿಗೆ ಅರ್ಜಿ ಹಾಕಿದಳು, ಅದಕ್ಕೆ ಉತ್ತರ ಬರಲಿಲ್ಲ. ಪ್ರಬಂಧ ಅಚ್ಚಾದ ಪತ್ರಿಕೆಗೆ, ಹನ್ನೊಂದರಲ್ಲಿ ಒಂಬತ್ತು ಸಾಲುಗಳ ಕಣಿವೆ ಪ್ರತಿಧ್ವನಿಯ ಭ್ರಮೆಯಿರಬಹುದು ಎಂದು ಒಂದು ಪುಟದ ತಿದ್ದುಪಡಿ ಬರೆದು, ಸಹಿಗಾಗಿ ಮೋಹನ್ ಕುಮಾರರಿಗೆ ಕಳಿಸಿದಳು. ಮೂರು ವಾರ ಸದ್ದಿರಲಿಲ್ಲ. ನಾಲ್ಕನೆಯ ವಾರ ಸಹಿ ಬಂತು. ಜೊತೆಗೆ ಒಂದೇ ಸಾಲು: ಕೆಸರಿನಲ್ಲಿ ಗಾಳಿ ಎಷ್ಟಿದ್ದರೆ ಎಷ್ಟು ಸದ್ದು ತಿರುಗುತ್ತದೆ ಎಂಬ ಅಳತೆ ನಿಮ್ಮ ಬಳಿ ಇದೆಯೇ?

ಇರಲಿಲ್ಲ. ಅದನ್ನು ಮಾಡಲು ಅವಳು ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಕೆರೆಗೆ ಇಳಿದಳು. ನೀರು ಸೊಂಟದವರೆಗಿತ್ತು. ದೊಡ್ಡ ಲಾಳಿಕೆಯೊಂದನ್ನು ಬೋರಲು ಹಾಕಿ, ಅದರ ಮೂತಿಗೆ ನೀರು ತುಂಬಿದ ಬಾಟಲಿ ಸಿಕ್ಕಿಸಿದ್ದಳು. ಕೆಸರಿನಿಂದೇಳುವ ಗುಳ್ಳೆಗಳು ಬಾಟಲಿಗೆ ಹತ್ತಿ ನೀರನ್ನು ಕೆಳಕ್ಕೆ ತಳ್ಳುತ್ತವೆ. ಎಷ್ಟು ಹೊತ್ತಿಗೆ ಎಷ್ಟು ನೀರು ಇಳಿಯಿತೆಂದು ನೋಡಬೇಕು. ಮಾರಯ್ಯ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಲಾಳಿಕೆ ಹಿಡಿದಿದ್ದ.

"ಇದೇನ್ ಬಾಳು ಮೇಷ್ಟ್ರಮ್ಮ, ಕೆರೆ ಹೂಸು ಅಳೆಯೋದು," ಎಂದ.

ಅವಳಿಗೆ ನಗು ಬಂತು. ಆ ವರ್ಷದ ಮೊದಲ ನಗು. ಕೈ ಅಲುಗಿ ಬಾಟಲಿ ವಾಲಿ, ಅರ್ಧ ಗಂಟೆಯಿಂದ ಹಿಡಿದ ಗಾಳಿಯೆಲ್ಲ ಒಂದೇ ಸಲಕ್ಕೆ ಗುಳುಕ್ಕೆಂದು ಹೊರಟುಹೋಯಿತು.

"ಥೂ!" ಎಂದಳು. ಬಾಟಲಿಗೆ ಮತ್ತೆ ನೀರು ತುಂಬಿಸಿ ಬೋರಲು ಹಾಕಿ, ಹೊತ್ತು ಬರೆದುಕೊಂಡಳು.